ಸೀತುವಿನ ಬಡತನ ಸಾಕಾಗಲಿಲ್ಲ

ಕೋಡಿಯ ಸೀತು ಇಪ್ಪತ್ತು ವರ್ಷದಿಂದ ಕೋಟೇಶ್ವರದಲ್ಲಿ ಮೀನು ಮಾರುತ್ತಾಳೆ. ಗಂಡ ಬಚ್ಚ ದೋಣಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಯುವುದು ಅವಳ ಬುಟ್ಟಿಯಿಂದಲೇ. ಆದರೂ ತಾನು ಬಡವಳೆನ್ನುವುದಕ್ಕೆ ಸಾಕ್ಷಿ ಬೇಕೆಂದು ಅವಳಿಗೆ ಗೊತ್ತಾದದ್ದು, ಮಗಳು ಚಂದನಾ ಎಸ್ಸೆಸ್ಸೆಲ್ಸಿಯಲ್ಲಿ ಆರುನೂರ ಆರು ಅಂಕ ತಂದಾಗ.

ಹೆದ್ದಾರಿ ಬದಿಯ ಖಾಸಗಿ ಕಾಲೇಜೊಂದು ಪ್ರತಿವರ್ಷ ಬಡ ಪ್ರತಿಭಾವಂತರಿಗೆ ಉಚಿತ ಸೀಟು ಕೊಡುತ್ತಿತ್ತು. ಸೀಟು ಒಂದೇ, ಅದರ ಬ್ಯಾನರ್ ಮಾತ್ರ ಬೈಂದೂರಿನಿಂದ ಬ್ರಹ್ಮಾವರದವರೆಗೆ. ಚಂದನಾ ಅರ್ಜಿ ಹಾಕಿದಳು. ಬಡತನವನ್ನು ಕಣ್ಣಾರೆ ಕಾಣಲು ಕಾಲೇಜಿನ ನೆರವು ಸಮಿತಿಯ ಸುಧಾಕರ ಮಾಸ್ತರರು ಇನ್ನಿಬ್ಬರನ್ನು ಕಟ್ಟಿಕೊಂಡು ಕಾರಿನಲ್ಲಿ ಮನೆಗೇ ಬರುವವರಿದ್ದರು.

ದೊಡ್ಡವರು ಬರುತ್ತಾರೆಂದರೆ ಸುಮ್ಮನಿರಲಾದೀತೆ? ಸೀತು ಪಕ್ಕದ ಮನೆಯ ಅಕ್ಕುವಿನಿಂದ ಕುರ್ಚಿ, ಟೇಬಲ್ ಫ್ಯಾನು, ಗಾಜಿನ ಲೋಟ ಎರವಲು ತಂದಳು. ಮಾರಲೆಂದು ಕೊಂಡ ಅಂಜಲ್ ಮೀನನ್ನು ಹುರಿದು ಬಡಿಸಿದಳು. ಮೂವರೂ ಆ ಮನೆಯ ಬಡತನವನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಮನೆ ಚೊಕ್ಕವಾಗಿದೆ ಎಂದು ಹೊಗಳಿ ಹೋದರು.

ವಾರದ ಬಳಿಕ ಪತ್ರ ಬಂತು: ಕುಟುಂಬವು ಅನುಕೂಲಸ್ಥವೆಂದು ಪರಿಶೀಲನೆಯಲ್ಲಿ ಕಂಡುಬಂದಿದೆ. ಸೀಟು ಲಾಡ್ಜ್ ಮಾಲೀಕ ರಾಘವೇಂದ್ರನ ಮಗನಿಗೆ ಹೋಯಿತು. ಹುಡುಗನ ಅಂಕ ಐನೂರು ಮುಟ್ಟದಿದ್ದರೂ ಅಪ್ಪನ ಆದಾಯ ಪತ್ರದಲ್ಲಿ ಬಡತನ ಎದ್ದು ಕಾಣುತ್ತಿತ್ತಂತೆ. ಆ ಮನೆ ನೋಡಲು ಯಾರೂ ಹೋಗಲಿಲ್ಲ. ಅಷ್ಟು ಮಹಡಿ ಹತ್ತುವ ಕಷ್ಟ ಯಾರಿಗೆ ಬೇಕು?

ಸೀತು ಮಗಳನ್ನು ಕರೆದುಕೊಂಡು ಬುಟ್ಟಿ ಸಮೇತ ಕಾಲೇಜಿಗೆ ಹೋದಳು. ಸುಧಾಕರ ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿದರು. ಉಂಡ ದಿನ ಅವರಿಗೆ ಆ ವಾಸನೆ ಬಂದಿರಲಿಲ್ಲ. ಕುರ್ಚಿ, ಫ್ಯಾನು ಯಾವುದೂ ತನ್ನದಲ್ಲ ಎಂದು ಅವಳು ವಿವರಿಸಿದಳು. ಅದನ್ನು ಮೊದಲೇ ಹೇಳಬೇಕಿತ್ತು, ಈಗ ವರದಿ ತಿದ್ದುವಂತಿಲ್ಲ ಎಂದರು ಅವರು.

“ಮಾಷ್ಟ್ರೆ, ಮನಿಗ್ ಬಂದೋರಿಗೆ ಕುರ್ಚಿ ಹಾಕಿದ್ದ್ ನಂದೇ ತಪ್ಪ್. ಆರೆ ನೀವ್ ಮೂರ್ ಜನ ಉಂಡದ್ದ್ ನನ್ ಎರಡ್ ದಿನದ್ ದುಡಿಮೆ. ಅದನ್ನೂ ವರದಿಯಂಗೆ ಬರ್ಕಣಿ.”

ಮಾಸ್ತರರು ಫೈಲು ತಿರುವತೊಡಗಿದರು.

ಹೊರಗೆ ಬಂದಾಗ ಚಂದನಾ ಅಳಲಿಲ್ಲ. “ಅಮ್ಮ, ಸರ್ಕಾರಿ ಕಾಲೇಜಿಗೆ ಹೋಪ. ಅಲ್ಲೂ ಸಯನ್ಸ್ ಇತ್ತ್” ಎಂದಳು.

ಅಲ್ಲಿನ ಗುಮಾಸ್ತೆ ಅಂಕಪಟ್ಟಿ ನೋಡಿ, ಹೆಸರು ಬರೆದುಕೊಂಡು, ಸೋಮವಾರದಿಂದ ಬಾ ಎಂದಳು. ಹತ್ತು ನಿಮಿಷದ ಕೆಲಸ. ಇನ್ನೂ ಏನಾದರೂ ಕೇಳುತ್ತಾರೆಂದು ಸೀತು ಬೆಂಚಿನಲ್ಲಿ ಕೂತೇ ಇದ್ದಳು. ಮುಗಿಯಿತೆಂದು ಮಗಳು ಎರಡು ಸಲ ಹೇಳಿದ ಮೇಲೆ ಎದ್ದಳು.