ಓರೆ ನಾಳ ಮತ್ತು ಗಾಜಿನ ಮೇಡಂ

ವಿದ್ಯುದಾವೇಶ ಹೊತ್ತ ಕಣಗಳನ್ನು ಕೂದಲೆಳೆಗಿಂತ ಸಪೂರವಾದ ಗಾಜಿನ ನಾಳಗಳ ಮೂಲಕ ದಾಟಿಸುವ ವಿದ್ಯೆಯಲ್ಲಿ ನಮ್ಮ ಪ್ರಯೋಗಾಲಯಕ್ಕೆ ಹೆಸರು ತಂದುಕೊಟ್ಟವರು ಇದೀಗ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯವರು. ವಿಭಾಗದಲ್ಲಿ ಎಲ್ಲರಿಗೂ ಅವರು 'ಗಾಜಿನ ಮೇಡಂ'. ಅದು ಅವರಿಗೂ ಗೊತ್ತು, ಗೊತ್ತಿಲ್ಲದಂತೆ ಇದ್ದುಬಿಡುವುದು ಅವರ ದೊಡ್ಡತನ. ಅವರ ವಿದ್ಯಾರ್ಥಿನಿಯಾಗಿ ಬಂದು ಸಹೋದ್ಯೋಗಿಯಾಗಿ ಉಳಿದ ನಾನು ಇಲ್ಲಿ ಒಂದು ಬೆಳಗನ್ನು ಮಾತ್ರ ನೆನೆಯುತ್ತೇನೆ.

ನನಗೆ ಅವರು ಕೊಟ್ಟ ಕೆಲಸ ಕೇಳಲು ಸುಲಭವಾಗಿತ್ತು. ನಾಳವನ್ನು ತುಸು ಓರೆಯಾಗಿ ನಿಲ್ಲಿಸಿ, ಕಣಗಳನ್ನು ಒಳಗೆ ಬಿಟ್ಟು, ಆಚೆ ತುದಿಯಲ್ಲಿ ಎಣಿಸಬೇಕು. ಓರೆ ನಾಳದೊಳಗೆ ನೇರ ಹೊರಟ ಕಣ ಗೋಡೆಗೆ ಬಡಿಯದೆ ಇನ್ನೇನಾದೀತು? ಆದರೆ ಗಾಜಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿದುಹೋಗದು. ಮೊದಲು ಬಡಿದವುಗಳ ಆವೇಶ ಅಲ್ಲೇ ಅಂಟಿ ಕೂತು, ಹಿಂದೆ ಬರುವ ಕಣಗಳನ್ನು ಗೋಡೆಗೆ ತಾಗಗೊಡದೆ ತಿರುಗಿಸಿ ಆಚೆ ಸಾಗಿಸುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ನನ್ನ ಬಳಿ ಇಲ್ಲದ್ದೇ ಹೊತ್ತು. ಕಣಗಳನ್ನು ಹೊಮ್ಮಿಸುವ ಯಂತ್ರ ಸಿಗುತ್ತಿದ್ದುದು ಸರದಿಯ ಮೇಲೆ. ಹೊಸಬಳ ಪಾಲು ಚಿಕ್ಕದು. ಗೋಡೆ ಹದಕ್ಕೆ ಬರುವ ಮೊದಲೇ ಸರದಿ ಮುಗಿದು, ಮುಂದಿನವರು ನನ್ನ ನಾಳವನ್ನು ಹೊರತೆಗೆಯುತ್ತಿದ್ದರು. ತಿಂಗಳುಗಟ್ಟಲೆ ಪರದೆಯ ಮೇಲೆ ಸೊನ್ನೆಯೇ ಸೊನ್ನೆ.

"ಎಷ್ಟು ದಿನ ಅಂತ ಅಳ್ತೀಯಮ್ಮ, ಮನೆಗೆ ಬಂದ್ಬಿಡು" ಎಂದು ಫೋನಿನಲ್ಲಿ ಅಮ್ಮ ಹೇಳಿದ ಮೇಲೆ, ಸಂಶೋಧನೆ ಬಿಡುತ್ತೇನೆಂದು ಮೇಡಂಗೆ ತಿಳಿಸಿದೆ. ಅವರು ತಡೆಯಲಿಲ್ಲ. "ಆಯ್ತು. ನಾಳೆ ನಿನ್ನ ಸರದಿ ಇದೆಯಲ್ಲ, ಅದೊಂದು ಮುಗಿಸಿ ಹೋಗು" ಎಂದರು.

ಆ ದಿನ ನನಗಿಂತ ಮುಂಚಿನ ಸರದಿ ಅವರದೇ. ನಾನು ಹೋದಾಗ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. "ನಿನ್ನ ನಾಳ ಆಗಲೇ ಒಳಗಿಟ್ಟಿದೀನಿ, ಶುರು ಮಾಡು." ಕಣಗಳನ್ನು ಬಿಟ್ಟದ್ದೇ ತಡ, ಎಣಿಕೆ ಏರತೊಡಗಿತು. ನಾನು ಅತ್ತೇಬಿಟ್ಟೆ. ಮೇಡಂ ಮಾತ್ರ, "ಇವತ್ತಿನ ಅಂಕಿ ಪ್ರಬಂಧಕ್ಕೆ ಹಾಕಬೇಡ. ದೊಡ್ಡ ಸರದಿ ಕೇಳಿ ಕೊಡಿಸ್ತೀನಿ, ಮೊದಲಿಂದ ಮಾಡು" ಎಂದರು. ಇದೆಂಥ ಕಟ್ಟುನಿಟ್ಟು ಎಂದು ಒಳಗೊಳಗೇ ಮುನಿಸಿಕೊಂಡೆ. ಆದರೆ ಮನೆಗೆ ಹೋಗಲಿಲ್ಲ.

ವರ್ಷಗಳು ಕಳೆದು, ಗಾಜಿನಲ್ಲಿ ಆವೇಶ ಎಷ್ಟು ಹೊತ್ತು ಉಳಿಯುತ್ತದೆಂದು ಅಳೆಯುತ್ತಿದ್ದಾಗ ನನ್ನ ಕೈ ನಿಂತುಹೋಯಿತು. ಆಗಷ್ಟೇ ಒಳಗಿಟ್ಟ ನಾಳ ಆ ದಿನದಂತೆ ತಟ್ಟನೆ ದಾರಿ ಬಿಡುವುದು ಸಾಧ್ಯವೇ ಇಲ್ಲ. ಯಾರೋ ಮುಂಚೆಯೇ ಅದರೊಳಗೆ ಬಹಳ ಹೊತ್ತು ಕಣಗಳನ್ನು ಹರಿಸಿರಬೇಕು. ಆ ಬೆಳಗಿನ ತಮ್ಮ ಸರದಿಗಾಗಿ ಮೇಡಂ ವರ್ಷವಿಡೀ ಕಾದಿದ್ದರು; ಅದನ್ನು ನನ್ನ ನಾಳಕ್ಕೇ ಕೊಟ್ಟುಬಿಟ್ಟಿದ್ದರು. ಅಂದು ನಡೆಯದ ಅವರ ಪ್ರಯೋಗವನ್ನು ಮುಂದೆ ಬೇರೆಯವರು ಮಾಡಿ ಹೆಸರು ಗಳಿಸಿದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊನ್ನೆ ಧೈರ್ಯಮಾಡಿ ಕೇಳಿದೆ. ಮೇಡಂ ಕನ್ನಡಕ ಒರೆಸುತ್ತಾ, "ಪತ್ತೆ ಮಾಡೋಕೆ ಇಷ್ಟು ವರ್ಷ ಬೇಕಾಯ್ತಾ? ಹಾಗಾದ್ರೆ ಗಾಜು ಹಿಡಿದಿದ್ದನ್ನ ಬೇಗ ಬಿಡಲ್ಲ ಅನ್ನೋ ನಿನ್ನ ಅಳತೆ ಸರಿಯಾಗೇ ಇದೆ ಬಿಡು" ಎಂದರು.

ಅವರ ಆಯಸ್ಸು ದೀರ್ಘವಾಗಲಿ, ಕೈಗೆ ಬಿಡುವಿಲ್ಲದಷ್ಟು ಕೆಲಸವಿರಲಿ. ನಿವೃತ್ತರಿಗೆ ಯಂತ್ರದಲ್ಲಿ ಸರದಿಯಿಲ್ಲವೆಂಬುದು ನಿಯಮ. ನನಗೆ ಸರದಿಯಿದೆ. ಬರುವ ತಿಂಗಳ ನನ್ನ ಬೆಳಗು ನಿಮ್ಮದು, ಮೇಡಂ. ನಾಳ ಆಗಲೇ ಒಳಗಿರುತ್ತದೆ. ನೀವು ಬಂದು ಶುರು ಮಾಡಿದರೆ ಸಾಕು.