ಎರಡನೆಯ ಸಾಲಿನ ಮನೆ

ಮನೆ ಸಿಕ್ಕ ದಿನವೇ ಪಾರವ್ವ ಅದನ್ನು ಕಳೆದುಕೊಂಡಳು.

೧೯೯೫ರ ದಸರೆ ಮುಗಿದ ಮರುವಾರ. ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ, ಸುಣ್ಣದ ವಾಸನೆ ಇನ್ನೂ ಆರದ ಹನ್ನೆರಡು ಮನೆಗಳ ಮುಂದೆ ಜನ ಚಾಪೆ ಹಾಸಿಕೊಂಡು ಕೂತಿದ್ದರು. ಪೂಜೆಗೆ ಬಂದ ಅಯ್ಯನವರು ಹಿತ್ತಾಳೆಯ ತಂಬಿಗೆಗೆ ಕೈಹಾಕಿ ಒಂದೊಂದೇ ಚೀಟಿ ತೆಗೆಯುತ್ತಿದ್ದರು. ಏಳನೆಯ ಮನೆಗೆ ಅವಳ ಗಂಡ ಸಿದ್ದಲಿಂಗಪ್ಪನ ಹೆಸರು ಬಂತು. ಪಾರವ್ವ ಸೆರಗು ಸರಿಮಾಡಿಕೊಂಡು ಬೀಗದ ಕೈ ಇಸಿದುಕೊಳ್ಳಲು ಎದ್ದಳು. ಅಷ್ಟರಲ್ಲಿ ಗಂಡ, "ನಂದು ಇನ್ನಽ ಕಟ್ಟೂ ಹಿಂದಿನ ಸಾಲಿಗೆ ಇರಲಿರಿ. ಈ ಮನಿ ಅವಧೂತಗ ಕೊಡ್ರಿ, ಅವನ ಹೇಣ್ತಿ ಬಸರಿ ಅದಾಳ" ಅಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಟೇಲರ್ ಅವಧೂತ ಬಂದು ಸಿದ್ದಲಿಂಗಪ್ಪನ ಕಾಲು ಮುಟ್ಟಿದ. ಪಾರವ್ವ ನಿಂತವಳು ಮತ್ತೆ ಕೂತಳು. ಅದನ್ನು ಯಾರೂ ಗಮನಿಸಲಿಲ್ಲ.

ಸಿದ್ದಲಿಂಗಪ್ಪ ಪುಣೆಯ ರವಿವಾರ ಪೇಟೆಯ ಬೆಲ್ಲದ ಸಗಟು ಅಂಗಡಿಯಲ್ಲಿ ಗುಮಾಸ್ತ. ಸವದತ್ತಿಯ ಕಡೆಯಿಂದ ಬಂದು ಕಸಬಾ ಪೇಟೆಯ ಹಲವು ಸಂಸಾರಗಳು ಬಾಡಿಗೆಗಿದ್ದ ಹಳೆಯ ವಾಡೆಯೊಂದರ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ್ದ. ಮಕ್ಕಳಾಗಲಿಲ್ಲ. ಅವನಂಥ ಗುಮಾಸ್ತರು, ಕಚೇರಿಯ ಜವಾನರು, ಹೂ ಮಾರುವ ಅಂಬಾ ಎಂಬ ವಿಧವೆ, ಹೀಗೆ ಯಾವ ಬ್ಯಾಂಕೂ ಬಾಗಿಲೊಳಗೆ ಕರೆಯದ, ಕನ್ನಡ ಮಾತಿನ ಹದಿನೆಂಟು ಮಂದಿ ಸೇರಿ ೧೯೯೧ರಲ್ಲಿ ಒಂದು ಸೊಸೈಟಿ ಕಟ್ಟಿದ್ದರು. ಅದರ ಕಟ್ಟಳೆ ಸರಳವಾಗಿತ್ತು. ನೆಲ ಸೊಸೈಟಿಯದು, ಯಾರೊಬ್ಬರದೂ ಅಲ್ಲ; ಸದಸ್ಯನ ಹೆಸರಿಗೆ ಇರುವುದು ಒಂದು ಶೇರು ಪತ್ರ, ಮನೆಯ ಹಕ್ಕು ಅದರಿಂದ. ರಜೆಯ ದಿನ ಎಲ್ಲರೂ ಪುಣೆಯಿಂದ ಲೋಕಲ್ ರೈಲು ಹಿಡಿದು ಬಂದು ಪಾಯ ತೋಡಬೇಕು, ಇಟ್ಟಿಗೆ ಹೊರಬೇಕು. ಆ ದುಡಿಮೆ ಮನೆಯ ಬೆಲೆಯಲ್ಲಿ ವಜಾ. ಮೊದಲು ಮನೆ ಸಿಕ್ಕವರು ಕಟ್ಟುವ ತಿಂಗಳ ಕಂತಿನಿಂದ ಹಿಂದಿನ ಸಾಲಿನ ಆರು ಮನೆ ಏಳಬೇಕು. ಬಿಟ್ಟುಹೋಗುವವರು ಹಾಕಿದ ಖರ್ಚಿಗೇ ಮನೆಯನ್ನು ಸೊಸೈಟಿಗೆ ಹಿಂದಿರುಗಿಸಬೇಕು, ಹೊರಗಿನವರಿಗೆ ಮಾರುವಂತಿಲ್ಲ. ಇಲ್ಲಿಯ ಮನೆ ಸಣ್ಣ ಸಂಬಳದವರ ಕೈ ತಪ್ಪದಿರಲಿ ಎಂದು ಈ ಏರ್ಪಾಟು.

ಈ ಕಟ್ಟಳೆಯನ್ನು ಬರೆದವನೂ ಸಿದ್ದಲಿಂಗಪ್ಪನೇ. ಅವನು ಕಾರ್ಯದರ್ಶಿ. ಅವರ ಊರ ಕಡೆ ಪಂಕ್ತಿಯಲ್ಲಿ ಬಡಿಸುವವರು ಎಲ್ಲರದೂ ಮುಗಿದ ಮೇಲೆಯೇ ಎಲೆ ಹಾಕಿಕೊಳ್ಳುವುದು. ಮನೆ ಹಂಚುವಾಗಲೂ ಅವನು ಅದನ್ನೇ ಪಾಲಿಸಿದ. ಯಾರನ್ನೂ ಕೇಳಲಿಲ್ಲ, ಹೆಂಡತಿಯನ್ನಂತೂ ಇಲ್ಲವೇ ಇಲ್ಲ.

ಅಂದು ಸಂಜೆ ಲೋಕಲ್‌ನಲ್ಲಿ ನಿಲ್ಲಲು ಜಾಗ ಸಿಕ್ಕ ಮೇಲೆ ಪಾರವ್ವ ಬಾಯಿ ತೆರೆದಳು.

"ಊಟಕ್ಕ ಬಡಸೂದು ಬ್ಯಾರೆ, ಮನಿ ಬ್ಯಾರೆ. ಅನ್ನ ತೀರಿದ್ರ ಮತ್ತೊಂದು ಪಾವು ಇಡತೇನಿ. ಮನಿ ತೀರಿದ್ರ ಏನ್ ಇಡ್ಲಿ?"

"ತೀರೂದಿಲ್ಲ ಬಿಡು. ಎಲ್ಲಾ ನಮ್ಮ ಮಂದೀನಽ ಅದಾರ."

"ನಮ್ಮ ಮಂದಿ ಅಂತನಽ ಅಂಜಿಕಿ."

"ನಾಳೆ ಯಾರೂ ನನ್ನ ಕಡೆ ಬೊಟ್ಟು ಮಾಡಬಾರದು, ಪಾರೂ."

"ಬೊಟ್ಟು ಮಾಡಿದ್ರ ಮಾಡವಲ್ರ್ಯಾಕ. ಮಂದಿ ಬೊಟ್ಟು ಮಾಡಿದ್ರ ಮಾಳಗಿ ಸೋರೂದಿಲ್ಲ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಎದುರಿಗೆ ನಿಂತಿದ್ದ ಒಬ್ಬ ಹೆಂಗಸು ನಕ್ಕಳು. ಸಿದ್ದಲಿಂಗಪ್ಪನಿಗೆ ನಾಚಿಕೆಯಾಯಿತು.

ಮೊದಲೆರಡು ವರ್ಷ ಕಂತು ಬಂತು. ಹಿಂದಿನ ಸಾಲಿನಲ್ಲಿ ಆರು ಮನೆಗಳ ಪಾಯ ಎದ್ದು, ಮೊಣಕಾಲೆತ್ತರದ ಕಲ್ಲಿನ ಕಟ್ಟೆಯಾಯಿತು. ಪಾರವ್ವನೇ ಎಷ್ಟೋ ಬುಟ್ಟಿ ಮುರುಮು ಮಣ್ಣು ಹೊತ್ತು ಅದನ್ನು ತುಂಬಿಸಿದಳು. ಆಮೇಲೆ ಒಬ್ಬನ ತಾಯಿಗೆ ಕಾಯಿಲೆ, ಇನ್ನೊಬ್ಬನ ಮಗಳ ಲಗ್ನ, ಕಂತು ನಿಂತಿತು. ಸಿದ್ದಲಿಂಗಪ್ಪ ಬಾಗಿಲು ಬಾಗಿಲಿಗೆ ಹೋಗುತ್ತಿದ್ದ, ಚಹಾ ಕುಡಿದು ಬರುತ್ತಿದ್ದ. ಕಟ್ಟೆಯ ಮೇಲೆ ಹುಲ್ಲು ಬೆಳೆಯಿತು. ಮುಂದಿನ ಸಾಲಿನವರು ಅಲ್ಲಿ ಹಪ್ಪಳ ಒಣಗಿಸಿದರು.

ಅಷ್ಟರಲ್ಲಿ ಹೊಸ ಹೆದ್ದಾರಿ ಬಂತು, ಕಾರ್ಖಾನೆಗಳು ಹೆಚ್ಚಿದವು, ತಳೇಗಾಂವದ ನೆಲಕ್ಕೆ ಎಲ್ಲರ ಕಣ್ಣು ಬಿತ್ತು. ೨೦೦೩ರಲ್ಲಿ ಒಬ್ಬ ಬಿಲ್ಡರ್ ಸೊಸೈಟಿಯ ಅಧ್ಯಕ್ಷ ಮಾರ್ತಾಂಡನನ್ನು ಹುಡುಕಿಕೊಂಡು ಬಂದ. ಹಿಂದಿನ ಸಾಲಿನ ಜಾಗ ತನಗೆ ಕೊಟ್ಟರೆ ಅಪಾರ್ಟ್‌ಮೆಂಟ್ ಏಳುತ್ತದೆ. ಮುಂದಿನ ಹನ್ನೆರಡು ಮನೆಯವರಿಗೆ ರಸ್ತೆ, ಗೇಟು, ಮೇಲಾಗಿ ಯಾರಿಗೆ ಬೇಕಾದರೂ ಮಾರುವ ಹಕ್ಕು. ಕಾದು ಕೂತ ಆರು ಮಂದಿಗೆ ಅವರು ಕಟ್ಟಿದ್ದ ಹಣ ವಾಪಸು. ಆ ಹಣದಲ್ಲಿ ಆಗ ಪುಣೆಯಲ್ಲಿ ಒಂದು ಬಚ್ಚಲೂ ಬರುತ್ತಿರಲಿಲ್ಲ.

ಸಭೆಗೆ ಪಾರವ್ವನೂ ಹೋದಳು. ವಾಡೆಯ ಮಾಲಕ ಆ ತಿಂಗಳಷ್ಟೇ ಕೆಡವುವ ನೋಟಿಸು ಅಂಟಿಸಿದ್ದ; ಅವರ ಕೋಣೆಯ ಹಿಂಗೋಡೆಗೆ ಆಗಲೇ ಮರದ ಊರುಗೋಲು ಕೊಟ್ಟಿದ್ದರು. ಠರಾವನ್ನು ಓದಬೇಕಾದವನು ಕಾರ್ಯದರ್ಶಿ. ತನ್ನ ಮನೆ ಇಲ್ಲವಾಗುವ ಠರಾವನ್ನು ಸಿದ್ದಲಿಂಗಪ್ಪ ಒಂದು ಅಕ್ಷರ ನುಂಗದೆ ಓದಿದ.

ಪಾರವ್ವ ಎದ್ದು ನಿಂತಳು. "ಮಾರ್ತಾಂಡಣ್ಣ, ನಿಮ್ಮ ಪಾಯಾ ತೋಡುವಾಗ ನಾ ಇದ್ದೆ. ನಿಮ್ಮ ಕಾಲಿಗೆ ಗುದ್ದಲಿ ಬಡದಾಗ ಅರಿಷಿಣ ಕಟ್ಟಿದಾಕಿ ನಾನು. ನಾವೆಲ್ಲಿ ಹೋಗೂನ್ರಿ? ಅದನ್ನಷ್ಟು ಹೇಳಿ ಕೈ ಎತ್ರಿ."

"ವಹಿನಿ, ಸಭಾದಾಗ ಮೆಂಬರ್ ಅಷ್ಟಽ ಮಾತಾಡಬೇಕ್ರಿ" ಅಂದ ಮಾರ್ತಾಂಡ. "ರೊಕ್ಕ ವಾಪಸ್ ಕೊಡತೇವಲ್ಲ. ನುಂಗಾಕತ್ತಿಲ್ಲ."

"ಮುರುಮು ಹೊರುವಾಗ ಮೆಂಬರ್ ಕೇಳಲಿಲ್ಲಲ್ಲ?"

ಹಿಂದೆ ಯಾರೋ ಕಿಸಕ್ಕೆಂದರು. ಕೈಗಳು ಎದ್ದವು, ಹನ್ನೆರಡೂ. ಅವಧೂತನ ಕೈ ಮೊಣಕೈಯಲ್ಲಿ ಮಡಚಿ, ಕಿವಿಯ ತನಕ ಮಾತ್ರ ಎದ್ದಿತ್ತು. ಎಣಿಸಲು ಅಷ್ಟು ಸಾಕಿತ್ತು.

ವಾಪಸಿಯ ಹಣವನ್ನು ಸಿದ್ದಲಿಂಗಪ್ಪ ತೆಗೆದುಕೊಳ್ಳುವವನಿದ್ದ. ಪಾರವ್ವ ಬಿಡಲಿಲ್ಲ. ಕಾದವರೆಲ್ಲರ ಮನೆಗೂ ತಾನೇ ಹೋದಳು. ಹೊಸ ವರ್ಷದ ಮೊದಲ ರಜೆಯ ದಿನ ಆರೂ ಸಂಸಾರಗಳು ಸಾಮಾನು ಸಮೇತ ಹೋಗಿ ತಂತಮ್ಮ ಕಟ್ಟೆಯ ಮೇಲೆ ಕೂಡಬೇಕೆಂದು ಮಾತಾಯಿತು. ಆ ದಿನ ಟೆಂಪೋದಿಂದ ಇಳಿದವರು ಇಬ್ಬರೇ: ಪಾರವ್ವ ಮತ್ತು ಹೂ ಮಾರುವ ಅಂಬಾ. ಸಿದ್ದಲಿಂಗಪ್ಪ ಬಂದದ್ದು ಸಂಜೆಗೆ, ಹಿಂದಿನ ಓಣಿಯಿಂದ, ಯಾರ ಕಣ್ಣಿಗೂ ಬೀಳದಂತೆ.

ತಗಡು, ಬಿದಿರು, ಒಂದು ತಾಡಪಾಲು. ಎರಡು ಟ್ರಂಕನ್ನು ಗೋಡೆಯ ಹಾಗೆ ನಿಲ್ಲಿಸಿದರು. ಮರುದಿನ ಮಾರ್ತಾಂಡ ಬಂದು ಇದು ಸೊಸೈಟಿಯ ಜಾಗ ಅಂದ.

"ಹೌದ್ರಿ. ಸೊಸೈಟಿಯವರು ಅಂತನಽ ಕುಂತೇವಿ" ಅಂದಳು ಪಾರವ್ವ.

ವಾರದೊಳಗೆ ಹಿಂದಿನ ಸಾಲಿನ ನಲ್ಲಿಗೆ ಬೀಗ ಬಿತ್ತು. ಬಿಲ್ಡರನ ಮನುಷ್ಯ ಬಂದು, "ಆಜಿ, ಕಿತಿ ದಿವಸ?" ಎಂದು ಕೇಳಿದ. ಎಷ್ಟು ದಿನವೆಂದು ಅವಳಿಗೂ ತಿಳಿದಿರಲಿಲ್ಲ. ಅವಳು ಒಲೆಗೆ ಕಟ್ಟಿಗೆ ತುಂಬಿದಳು. ಜನ ಕೂತ ಜಾಗ ತನಗೆ ಬೇಡವೆಂದು ಬಿಲ್ಡರ್ ಆ ಬೇಸಿಗೆಯಲ್ಲಿ ಕೈಬಿಟ್ಟ. ಅಪಾರ್ಟ್‌ಮೆಂಟೂ ಬರಲಿಲ್ಲ, ಮನೆಯೂ ಏಳಲಿಲ್ಲ. ಮುಂದಿನ ಸಾಲಿನ ಹೆಂಗಸರು ಪಾರವ್ವನ ಸಂಗಡ ಮಾತು ಬಿಟ್ಟರು. ಅವರ ರಸ್ತೆ, ಗೇಟು, ಹಕ್ಕು ಎಲ್ಲ ಅವಳಿಂದ ಹೋಗಿತ್ತು. ಮಳೆಗಾಲದ ಮೊದಲ ಗಾಳಿಗೆ ತಗಡು ಹಾರಿ ಅಂಬಾಳ ಹಣೆ ಒಡೆಯಿತು. ಅವಳು ಅತ್ತುಕೊಂಡು ಇಂದಾಪುರದ ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಗಂಡ ಹೆಂಡತಿ ಇಬ್ಬರೇ ಉಳಿದರು. ಸಿದ್ದಲಿಂಗಪ್ಪನಿಗೆ ಅಂಗಡಿಯ ಕೆಲಸವೂ ನಿಂತಿತ್ತು. ತೇವದಿಂದ ಕೆಮ್ಮು ಹತ್ತಿತು. ಪಾರವ್ವ ಸ್ಟೇಷನ್ನಿನ ಖಾನಾವಳಿಗೆ ರೊಟ್ಟಿ ಬಡಿದು ತಂದದ್ದರಲ್ಲಿ ಊಟ ನಡೆಯುತ್ತಿತ್ತು.

ನಾಲ್ಕನೆಯ ಮಳೆಗಾಲ ಕಳೆದ ಮೇಲೆ ಒಂದು ಮುಂಜಾನೆ ಅವಧೂತ ಬಂದ, ಕೈಯಲ್ಲಿ ಬಾಳೆಹಣ್ಣು.

"ಕಾಕಾ, ನಿಮ್ಮ ಆಶೀರ್ವಾದದ ಮನಿ. ನನ್ನ ತಮ್ಮಂದು ಲಗ್ನ ಠರಾಯಿಸೇನಿ. ಎರಡು ಖೋಲಿ ಸಾಲವಲ್ವು. ನಿಮ್ಮ ಶೇರು ನನ್ನ ಹೆಸರಿಗೆ ಮಾಡಿಕೊಟ್ರ ಈ ಕಟ್ಟಿ ಮ್ಯಾಲೆ ತಗಡಿನ ಖೋಲಿ ಕಟ್ಟತೇನಿ. ನಿಮಗರ ಹಿಂದ ಮುಂದ ಯಾರದಾರ? ಊರಿಗೆ ಹೋಗಿ ಆರಾಮ ಇರ್ರಲ್ಲ."

ಸಿದ್ದಲಿಂಗಪ್ಪ ಕೆಮ್ಮಿ, ಚಾಪೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟ. "ಕೂಡಪ್ಪ. ವಿಚಾರ ಮಾಡೂನು. ಲಗ್ನದ ಕೆಲಸ ಅಂದ್ರ..."

ಆ ದನಿಯನ್ನು ಪಾರವ್ವ ಬಲ್ಲಳು.

"ವಿಚಾರ ಆಗೇದ" ಅಂದಳು. "ನಮ್ಮ ಶೇರು ಇಲ್ಲೇ ಇರತದ. ಹಣ್ಣು ತಗೊಂಡ್ ಹೋಗಪ್ಪ, ನಿಮ್ಮ ತಮ್ಮಗ ಕೊಡು."

"ಕಾಕಾನ್ನ ಕೇಳಾಕ ಬಂದೇನ್ರಿ ನಾನು, ಕಾಕೂ."

"ಅವರು ಒಮ್ಮೆ ಕೇಳದಽ ಕೊಟ್ಟಾರಲ್ಲ. ಅದರಾಗ ಕುಂತೀಯಲ್ಲ. ಸಾಲದ?"

ಅವಧೂತ ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದ. ಹಣ್ಣು ಬಿಟ್ಟುಹೋಗಿದ್ದ. ಸಿದ್ದಲಿಂಗಪ್ಪ ಅದನ್ನು ಎತ್ತಿ ಚಾಪೆಯ ಬದಿಗಿಟ್ಟ.

"ಇಷ್ಟು ಕಟುವಾಗಿ ಅನಬಾರದಾಗಿತ್ತು. ಲಗ್ನ ಮುರದು ಬಿದ್ದೀತು, ಪಾಪ" ಅಂದ. "ಸಂಜಿಗೆ ಒಮ್ಮೆ ಅವನ ಮನಿಗೆ ಹೋಗಿ ಬರತೇನಿ."

ಪಾರವ್ವ ಅವನ ಮುಖ ನೋಡಿದಳು. ಅದರಲ್ಲಿ ಕಪಟವಿರಲಿಲ್ಲ, ಎಂದೂ ಇರಲಿಲ್ಲ. ಶೇರು ಇದ್ದದ್ದು ಅವನ ಹೆಸರಿನಲ್ಲಿ. ಆ ಪತ್ರದ ಮೇಲೆ ರುಜು ಹಾಕಬಲ್ಲವನು ಅವನೊಬ್ಬನೇ. ಎದುರಿಗೆ ಕೂತು ಕೇಳಿದವರಿಗೆ ಇಲ್ಲವೆನ್ನುವುದು ಅವನಿಗೆ ಬರುತ್ತಿರಲಿಲ್ಲ, ಈ ವಯಸ್ಸಿನಲ್ಲಿ ಕಲಿಯುವಂತೆಯೂ ಇರಲಿಲ್ಲ.

ನೀರು ತರಲು ಹೊತ್ತಾಗಿತ್ತು. ಹೆದ್ದಾರಿ ದಾಟಿ, ಪಂಚಾಯಿತಿಯ ನಲ್ಲಿಯ ತನಕ ನಡೆಯಬೇಕು. ಅವಳು ಟ್ರಂಕು ತೆರೆದು ತಳದಲ್ಲಿದ್ದ ಶೇರು ಪತ್ರವನ್ನು ತೆಗೆದಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದ ಎಲೆಯಡಿಕೆ ಸಂಚಿಗೆ ತುರುಕಿದಳು, ಸಂಚಿಯ ದಾರವನ್ನು ಎರಡು ಗಂಟು ಹಾಕಿದಳು. ಗಂಡ ನೋಡುತ್ತಲೇ ಇದ್ದ. ಅವಳು ಎರಡು ಕೊಡ ಎತ್ತಿಕೊಂಡು ಕಟ್ಟೆಯಿಂದ ಇಳಿದಳು.