ಅಲುಗಾಡುವ ಅಕ್ಷರದ ಹಲ್ಲಿನ ದವಾಖಾನೆ

ಬೋರ್ಡ್ ಓದಿ, ಹಲ್ಲುನೋವನ್ನು ಹಾಗೇ ಮನೆಗೆ ವಾಪಸ್ ಒಯ್ದವರನ್ನು ನೋಡಿದ್ದೀರಾ? ನಾನು ನೋಡಿದೆ. ಸಿಂಧನೂರಿನಲ್ಲಿ.

ನನ್ನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕಿತ್ತು. ಮಸ್ಕಿಯಿಂದ ಬಸ್ ಹಿಡಿದು ಹೋಗಿ, ಗೆಳೆಯ ವೀರೇಶನ ಹೊಸ ಕ್ಲಿನಿಕ್ ಎದುರಿನ ಹೋಟೆಲಿನಲ್ಲಿ ಧೈರ್ಯ ತಂದುಕೊಳ್ಳುತ್ತ ಕೂತಿದ್ದೆ. (ಚಹಾ ಕುಡಿಯುತ್ತ ಅಂತ ಬರೆಯಬಹುದಿತ್ತು. ಆ ಹಲ್ಲಿಗೆ ಚಹಾ ತಾಗಿಸುವಂತಿರಲಿಲ್ಲ.)

ಬೋರ್ಡಿನ ಅಕ್ಷರಗಳು ವೀರೇಶನ ಹೆಂಡತಿ ಸುಜಾತಾಳವು. ಲಿಂಗಸುಗೂರಿನಲ್ಲಿ ಒಂದನೇ ಕ್ಲಾಸಿನ ಟೀಚರ್. ಒಂದೊಂದು ಅಕ್ಷರವನ್ನೂ ಕೈಯಲ್ಲೇ ಬರೆದು, ಕಂಪ್ಯೂಟರಿಗೆ ಹಾಕಿ ಫಾಂಟ್ ಮಾಡಿದ್ದಳು. ಕ್ಲಾಸಿನ ಗೋಡೆ ಮೇಲೆ ಅವು ಕುಣಿಯುತ್ತಿದ್ದವು. ಮುದಗಲ್‌ನಲ್ಲಿ ಅವಳ ತಮ್ಮನ ಐಸ್‌ಕ್ರೀಂ ಅಂಗಡಿ ಮೇಲೆ ಕರಗುತ್ತಿದ್ದವು. ನೋಡಿದರೆ ಬಾಯಲ್ಲಿ ನೀರು!

ಹಲ್ಲಿನ ದವಾಖಾನೆ ಮೇಲೆ? 'ಹ' ಹಿಂದಕ್ಕೆ ವಾಲಿತ್ತು. 'ಲ್ಲಿ'ಯ ಒತ್ತಕ್ಷರ ಇನ್ನೇನು ಉದುರುವ ಹಾಲುಹಲ್ಲಿನಂತೆ ಜೋತು ಬಿದ್ದಿತ್ತು.

ವಳಕಮದಿನ್ನಿಯಿಂದ ಬಂದಿದ್ದ ಅಜ್ಜಿಯೊಬ್ಬಳು ಕೆನ್ನೆ ಹಿಡಿದುಕೊಂಡು ಅದನ್ನು ದಿಟ್ಟಿಸಿದಳು. ಒಳಗೆ ನಡಿ ಎಂದ ಮಗನಿಗೆ ಶಾಂತವಾಗಿ ಹೇಳಿದಳು: "ಬೋರ್ಡಿನ್ಯಾಗಿನ ಅಕ್ಷರಾನ ಉದುರಾಕತ್ತಾವ. ಇವ ನನ್ನ ಹಲ್ಲೇನು ಉಳಸ್ತಾನ?"

ಹೋಗಿಯೇಬಿಟ್ಟಳು.

ಇದನ್ನು ನಾನು ವೀರೇಶನಿಗೆ ಹೇಳಬಾರದಿತ್ತೇ? ಹೇಳಿದೆ. ಪೇಷಂಟುಗಳು ಬಾಗಿಲ ತನಕ ಬಂದು ಯಾಕೆ ತಿರುಗಿ ಹೋಗುತ್ತಾರೆಂದು ತಲೆ ಕೆಡಿಸಿಕೊಂಡಿದ್ದ ಅವನು, ಅದೇ ವಾರ ಬೋರ್ಡ್ ಬದಲಿಸಿದ. ಈಗ ದಪ್ಪ, ನೆಟ್ಟಗಿನ ಅಕ್ಷರ. ಪೊಲೀಸ್ ಠಾಣೆಗೂ ನಡೆಯುತ್ತದೆ.

ಸುಜಾತಾ ಜಗಳವಾಡಲಿಲ್ಲ. ಮಾತು ಬಿಟ್ಟಳು. ಎದುರೆದುರು ಕೂತು ಊಟ ಮಾಡುತ್ತ "ಉಪ್ಪು" ಅಂತ ವಾಟ್ಸಾಪ್ ಮಾಡುತ್ತಾಳಂತೆ. ಬೋರ್ಡ್ ಹೋದದ್ದಕ್ಕಲ್ಲ, ತನ್ನನ್ನು ಒಂದು ಮಾತು ಕೇಳದೆ ಇಳಿಸಿದ್ದಕ್ಕೆ ಅವಳಿಗೆ ನೋವು. ಅದು ನನಗೂ ಚುಚ್ಚಿತು. ಚಾಡಿ ನನ್ನದೇ ತಾನೇ?

ಮುಂದಿನ ಸಿಟ್ಟಿಂಗಿಗೆ ಹೋದೆ. ಕುರ್ಚಿ ಹಿಂದಕ್ಕೆ ವಾಲಿತು. ಬಾಯಿ ತೆರೆದೆ. ಕಣ್ಣು ಮೇಲೆ ಹೋಯಿತು.

ಚಾವಣಿ ತುಂಬ ಸುಜಾತಾಳ ಅಕ್ಷರ! 'ಹೆದರಬ್ಯಾಡ್ರಿ. ಡಾಕ್ಟ್ರಿಗೂ ಮನ್ಯಾಗ ಹಿಂಗ ಬಾಯಿ ಮುಚ್ಚಂಗಿಲ್ಲ, ಮಾತಾಡಂಗಿಲ್ಲ.'

ನನ್ನ ಹೊಟ್ಟೆ ಕುಲುಕತೊಡಗಿತು. ವೀರೇಶ ಕೈ ತಡೆದ. "ನಗಬ್ಯಾಡ್ರಿ, ಸೂಜಿ ಒಳಗೈತಿ" ಅಂದವನೇ ತಾನೂ ನಕ್ಕ.

ಭಾನುವಾರ ಕ್ಲಿನಿಕ್ಕಿನ ಕೀಲಿ ಕೇಳಿ ಇಸಿದುಕೊಂಡು, ಸ್ಟೂಲ್ ಹತ್ತಿ ಅವಳೇ ಅಂಟಿಸಿದಳಂತೆ. ಕೆಳಗೆ ಸ್ಟೂಲ್ ಹಿಡಿದವನು ಇವನಂತೆ. ಪಕ್ಕದ ಆರ್.ಎಚ್. ಕ್ಯಾಂಪ್ ಊರಿನಿಂದ ಅಳುತ್ತ ಬಂದ ಪುಟ್ಟ ಹುಡುಗಿಯೊಬ್ಬಳು, ಹಲ್ಲು ಕಿತ್ತ ಮೇಲೂ ಪೂರ್ತಿ ಓದುವ ತನಕ ಕುರ್ಚಿ ಬಿಟ್ಟು ಏಳಲಿಲ್ಲವಂತೆ.

"ಮತ್ತ ಮಾತಾಡ್ತಾಳೇನು?" ಅಂತ ಕೇಳಿದೆ, ಅರ್ಧ ಮರಗಟ್ಟಿದ ಬಾಯಲ್ಲಿ.

"ಮಾತಾಡಾಕತ್ಯಾಳ್ರಿ," ಅಂದ. "ಈಗ ನಿಲ್ಸೋ ಔಷಧ ನನ್ನ ಹತ್ರ ಇಲ್ಲ."

ಬೀದಿಯಲ್ಲಿ ನಿಂತವರಿಗೆ ನೆಟ್ಟಗಿನ ಅಕ್ಷರವೇ ಇರಲಿ, ಸ್ವಾಮಿ. ಹೆದರಿ ಅಂಗಾತ ಮಲಗಿದವರಿಗೆ ಒಂದಿಷ್ಟು ಸೊಟ್ಟಗಿನದು ಬೇಡವೇ?